ಹಲ್ಲಿನ ಕವಚದ ಬಾಳಿಕೆ

ರಾಯಚೂರು ಸೀಮೆಯ ಊಟವೆಂದರೆ ಜೋಳದ ರೊಟ್ಟಿಯ ಊಟ. ಬಿಸಿಯಿದ್ದಾಗ ಮೆತ್ತಗಿರುವ ರೊಟ್ಟಿಯು ಒಣಗಿದ ಮೇಲೆ ಹಲ್ಲಿನ ಬಲವನ್ನು ಪರೀಕ್ಷಿಸುವದು. ಈ ಪರೀಕ್ಷೆಯಲ್ಲಿ ನಮ್ಮ ಕಡೆಯವರು ಸೋಲುವದಕ್ಕೆ ನೀರೂ ಒಂದು ಕಾರಣ. ದೇವದುರ್ಗ, ಮಾನ್ವಿ ತಾಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವದು. ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಅಂಥ ನೀರನ್ನು ಕುಡಿದವರ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುವವು. ದೋಷವು ತೀವ್ರವಾದಲ್ಲಿ ಮೇಲ್ಪದರವೇ ಕುಳಿಬಿದ್ದು ಉದುರುವದು.

ದೇವದುರ್ಗದಲ್ಲಿರುವ ನಮ್ಮ ತಾಯಿಯವರ ದವಡೆಯ ಹಲ್ಲೊಂದು ಹೀಗೆ ಶಿಥಿಲವಾದಾಗ, ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕವಚವನ್ನು ತೊಡಿಸಬೇಕೆಂದು ರಾಯಚೂರಿನ ದಂತವೈದ್ಯರೊಬ್ಬರು ಹೇಳಿದರು. ಜನರು ಇದನ್ನೇ ಕ್ಯಾಪು ಎನ್ನುವರು. “ಮುಪ್ಪಿನಾಕಿ ಹಲ್ಲಿಗೆ ಇಷ್ಟು ರೊಕ್ಕ ಯಾಕಪಾ?” ಎಂದು ತಾಯಿಯವರು ಹಿಂಜರಿದರು, ಬಳಿಕ ಮೆಲ್ಲನೆ, “ರೊಟ್ಟಿ ಕಡೀಲಿಕ್ಕೆ ಬರ್ತದೇನು?” ಎಂದರು. “ಬರ್ತದ್ರಿ ಅಮ್ಮಾ, ಅಡಿಕಿ ಮಾತ್ರ ಕಡೀಬ್ಯಾಡ್ರಿ” ಎಂದು ವೈದ್ಯರು ನಕ್ಕರು.

ಆ ಉತ್ತರದ ಮರ್ಮವು ಕವಚದ ರಚನೆಯಲ್ಲಿರುವದು. 1962ರಲ್ಲಿ ಅಮೇರಿಕದಲ್ಲಿ ಪೇಟೆಂಟು ಪಡೆದ ಮೇಲೆ ಈ ವಿಧಾನವು ಎಲ್ಲೆಡೆ ಹರಡಿತು. ಒಳಗೆ ನಿಕಲ್-ಕ್ರೋಮಿಯಂ ಮೊದಲಾದ ಮಿಶ್ರಲೋಹದ, ಸುಮಾರು ಅರ್ಧ ಮಿಲಿಮೀಟರು ದಪ್ಪದ ಟೊಪ್ಪಿಗೆ. ಅದರ ಮೇಲೆ ಪಿಂಗಾಣಿಯ ಪುಡಿಯನ್ನು ಹಚ್ಚಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡುವರು. ತಣಿಯುವಾಗ ಲೋಹವು ತುಸು ಹೆಚ್ಚು ಕುಗ್ಗಿ ಪಿಂಗಾಣಿಯನ್ನು ಬಿಗಿಹಿಡಿಯುವದು. ಪಿಂಗಾಣಿಯು ಒತ್ತಡವನ್ನು ಸಹಿಸುವದು, ಎಳೆತವನ್ನು ಸಹಿಸದು. ಆದುದರಿಂದ ಈ ಬಿಗಿಯೇ ಅದಕ್ಕೆ ಬಲ. ಆದರೂ ಮನೆಯ ಪಿಂಗಾಣಿ ತಟ್ಟೆ ಕೆಳಗೆ ಬಿದ್ದರೆ ಚಕ್ಕೆ ಏಳುವಂತೆ, ಕಲ್ಲಿನಂಥ ಅಡಿಕೆಯ ಹೋಳಿಗೆ ಕವಚದ ಚಕ್ಕೆಯೂ ಹಾರಬಹುದು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೂ ಇದೇ ಭಯ.

ಇಂಥ ಕವಚಗಳಲ್ಲಿ ನೂರಕ್ಕೆ ಸುಮಾರು 95 ಐದು ವರ್ಷಗಳ ತರುವಾಯವೂ ಉಳಿದಿರುವವೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿರುವರು. ಹತ್ತು-ಹದಿನೈದು ವರ್ಷ ಬಾಳಿದವೂ ಅಪರೂಪವಲ್ಲ. ಆದರೆ ಲೋಹಕ್ಕೆ ಹುಳುಕು ಹತ್ತದಿದ್ದರೂ ಅದರೊಳಗಿನ ಹಲ್ಲಿಗೆ ಹತ್ತುವದು. ಕವಚದ ಅಂಚು ಒಸಡಿಗೆ ಕೂಡುವಲ್ಲಿ ಅನ್ನದ ಅಗುಳು ನಿಂತರೆ, ಮೇಲೆ ಕೋಟೆಯು ಭದ್ರವಾಗಿದ್ದಂತೆಯೇ ಒಳಗೆ ತಳಪಾಯವು ಕರಗುವದು.

ಆದುದರಿಂದ ಗೃಹಸ್ಥರು ಕವಚದ ಬೆಲೆಯನ್ನು ವಿಚಾರಿಸುವಾಗಲೇ ಅದರ ಆರೈಕೆಯನ್ನೂ ವಿಚಾರಿಸಬೇಕು. ದಿನಕ್ಕೆ ಎರಡು ಸಲ ಒಸಡಿನ ಅಂಚಿನವರೆಗೆ ಹಲ್ಲುಜ್ಜುವದು, ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ತೋರಿಸುವದು, ಇವೇ ಅದರ ಆಯುಷ್ಯ. ಇನ್ನು ಮುಪ್ಪಿನಲ್ಲಿ ಈ ವೆಚ್ಚವೇಕೆಂಬ ಮಾತು: ನಮಗೆ ಅಗಿಯಲು ಕಲಿಸಿದವರು ತಾವು ಅಗಿಯಲಾರದೆ ಎಲ್ಲರಿಗಿಂತ ಮೊದಲು ಕೈತೊಳೆದು ಏಳುವ ಮನೆಯಲ್ಲಿ ಉಳಿಸಿದ ಹಣಕ್ಕೆ ಶೋಭೆಯಿಲ್ಲ.