ನಿದ್ರೆ ಹೋದ ಕಾವಲುಗಾರ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಈ ಸಂಚಿಕೆಯನ್ನು ಕೈಗೆತ್ತಿಕೊಂಡಾಗ, ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶವನ್ನೂ ಹೊಸ ಕೊಠಡಿಗಳನ್ನೂ ಕುರಿತು ಬರೆದಿರುವಳೆಂದು ಎಣಿಸುವುದು ಸಹಜವೇ. ಆದರೆ ಈ ಸಾರಿ ನಾವು ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಆ ತಪ್ಪಿನ ಮೂಲದಲ್ಲಿ ಒಂದು ಹಳೆಯ ಸ್ಮಾರ್ಟ್‌ಫೋನು ಇರುವುದರಿಂದ, ಅಂಥ ಯಂತ್ರವನ್ನು ಮನೆಯಲ್ಲಿಯೋ ಹೊಲದಲ್ಲಿಯೋ ಕೆಲಸಕ್ಕೆ ಹಚ್ಚಿರುವವರಿಗೆ ಇದರಿಂದ ಕೊಂಚ ಪ್ರಯೋಜನವೂ ಆದೀತು.

ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯಲ್ಲಿದ್ದರೂ ಗಿಲ್ಲೆಸುಗೂರಿನ ಬೇಸಿಗೆಯಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ. ಮೂರು ಫೇಸಿನ ಕರೆಂಟು ಬರುವ ಹೊತ್ತನ್ನು ಕಾದು ನಡುರಾತ್ರಿಯಲ್ಲಿ ಮೋಟಾರು ಹಾಕಲು ಹೋಗುವ ಕಷ್ಟವನ್ನು ಇಲ್ಲಿನ ತಂದೆಯರಿಗೆ ನಾವು ವಿವರಿಸಬೇಕಾಗಿಲ್ಲ. ಈ ಕಷ್ಟವನ್ನು ಕಂಡೇ ಪುಣೆಯ ಇಂಜಿನಿಯರರಾದ ಸಂತೋಷ ಓಸ್ತ್‌ವಾಲರು, ಮನೆಯಲ್ಲಿದ್ದುಕೊಂಡೇ ಮೊಬೈಲಿನ ಮೂಲಕ ಹೊಲದ ಪಂಪನ್ನು ನಡೆಸುವ ‘ನ್ಯಾನೋ ಗಣೇಶ’ ಎಂಬ ಉಪಕರಣವನ್ನು ನಿರ್ಮಿಸಿದರು. ಈಗ ಈ ಬಗೆಯ ಸ್ಟಾರ್ಟರುಗಳು ಹಲವು ಉಂಟು.

ನಮ್ಮ ವಸತಿಗೃಹಕ್ಕೂ ಅಂಥದೇ ಒಂದು ಏರ್ಪಾಡು ಬೇಕೆಂದು ನಾವು ಆಶಿಸಿದೆವು. ಇಂಜಿನಿಯರಿಂಗ್ ಓದಿದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಳಕೆ ತಪ್ಪಿದ ಒಂದು ಫೋನಿನಲ್ಲಿ ಸ್ವಯಂಚಾಲನೆಯ ಆ್ಯಪನ್ನು ಹಾಕಿ, ಅದನ್ನು ಪಂಪಿನ ಕೋಣೆಯ ಗೂಡಿನಲ್ಲಿಟ್ಟಳು. ವಾರ್ಡನ್ನರು ತಮ್ಮ ಫೋನಿನಿಂದ ಇಂಟರ್ನೆಟ್ಟಿನ ಮೂಲಕ ಒಂದು ಸಂದೇಶ ಕಳುಹಿಸಿದರೆ, ಗೂಡಿನ ಫೋನು ಸ್ಟಾರ್ಟರಿಗೆ ಕೂಡಿಸಿದ ಸ್ವಿಚ್ಚಿಗೆ ಅಪ್ಪಣೆ ಕೊಟ್ಟು, ‘ಮೋಟಾರು ನಡೆಯಿತು’ ಎಂದು ಮರಳಿ ತಿಳಿಸುವುದು. ಹಗಲಿನಲ್ಲಿ ಹತ್ತು ಬಾರಿ ಪರೀಕ್ಷಿಸಿದೆವು. ಹತ್ತು ಬಾರಿಯೂ ಸರಿಯಾಗಿ ನಡೆಯಿತು. ಬ್ಯಾಟರಿಯು ಸೆಕೆಗೆ ಉಬ್ಬೀತೆಂಬ ಭಯದಿಂದ, ಹಗಲು ಚಾರ್ಜು ಮಾಡಿ ರಾತ್ರಿ ಚಾರ್ಜರನ್ನು ತೆಗೆದಿಡಬೇಕೆಂದು ನಾವೇ ಆಜ್ಞೆ ಮಾಡಿದೆವು. ಕಾವಲುಗಾರನಿಗೆ, ‘ಇನ್ನು ಮೇಲೆ ಮೋಟಾರಿನ ಗೊಡವೆ ನಿನಗೆ ಬೇಡ’ ಎಂದೂ ಹೇಳಿದೆವು.

ಹತ್ತನೆಯ ತರಗತಿಯ ಪರೀಕ್ಷೆಯ ಮೊದಲ ದಿನ ಬೆಳಗಿನ ಐದು ಗಂಟೆಗೆ ವಸತಿಗೃಹದ ನಲ್ಲಿಗಳಲ್ಲಿ ಹನಿ ನೀರಿಲ್ಲ. ವಾರ್ಡನ್ನರು ಎರಡು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಸಂದೇಶ ಕಳುಹಿಸಿ, ಉತ್ತರ ಬಾರದಿದ್ದರೂ ನಡೆದಿರಬಹುದೆಂದು ನಂಬಿ ಮಲಗಿದ್ದರು. ಮಕ್ಕಳು ಕೊಡಗಳನ್ನು ಹಿಡಿದು ಬೀದಿಯ ನಲ್ಲಿಗೆ ಓಡಿದರು. ನಾವು ಕೋಪದಿಂದ ಪಂಪಿನ ಕೋಣೆಗೆ ಹೋಗಿ, ಕಾವಲುಗಾರನು ತನ್ನ ಕೆಲಸ ಹೋಯಿತೆಂಬ ಸಿಟ್ಟಿಗೆ ಏನೋ ಮಾಡಿರಬೇಕೆಂದು ಎಲ್ಲರೆದುರಿನಲ್ಲಿಯೇ ಗದರಿಸಿದೆವು. ಆತನು, ‘ಅಕ್ಕೋರ, ನಾ ಅದನ್ನ ಮುಟ್ಟಿಲ್ರಿ’ ಎಂದು ಒಂದೇ ಮಾತು ಹೇಳಿದನು. ನಾವು ಫೋನನ್ನು ಎತ್ತಿ ಪರದೆಯನ್ನು ಬೆಳಗಿಸಿದೆವು. ಒಡನೆಯೇ ಮೋಟಾರು ಗುಡುಗಿತು! ಅದನ್ನು ಕೂಡ ಆತನ ಅಪರಾಧಕ್ಕೆ ಸಾಕ್ಷಿಯೆಂದೇ ನಾವು ಭಾವಿಸಿದೆವು.

ಅಲ್ಲಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ಇದು ಸರಿತೋರಲಿಲ್ಲ. ಮರುದಿನ ಅವಳು ಅಪ್ಪಣೆ ಪಡೆದು, ಫೋನನ್ನು ಚಾರ್ಜರಿಲ್ಲದೆ ಮೇಜಿನ ಮೇಲಿಟ್ಟು, ಎರಡು ಗಂಟೆಗಳ ಕಾಲ ಯಾರೂ ಮುಟ್ಟದಂತೆ ನೋಡಿಕೊಂಡು, ಬಳಿಕ ಸಂದೇಶ ಕಳುಹಿಸಿದಳು. ಉತ್ತರ ಬರಲಿಲ್ಲ. ಫೋನನ್ನು ಎತ್ತಿ ಬೆಳಗಿಸಿದಳು, ಉತ್ತರ ಬಂದಿತು. ನಿದ್ರೆ ಹೋಗಿದ್ದ ಕಾವಲುಗಾರ ಯಾರೆಂಬುದು ನಮಗೆ ಆಗ ತಿಳಿಯಿತು.

ಇದರ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆವು. ಎಲ್ಲ ಆ್ಯಪುಗಳೂ ಇರುಳೆಲ್ಲ ಇಂಟರ್ನೆಟ್ಟನ್ನು ವಿಚಾರಿಸುತ್ತಿದ್ದರೆ ಬ್ಯಾಟರಿಯು ಬೆಳಗಿನೊಳಗೆ ಬರಿದಾಗುವುದು. ಆದುದರಿಂದ 2015ರಲ್ಲಿ ಬಂದ ಆಂಡ್ರಾಯ್ಡಿನ ಆರನೆಯ ಆವೃತ್ತಿಯಲ್ಲಿ ‘ಡೋಜ್’ ಎಂಬ ತೂಕಡಿಕೆಯ ಸ್ಥಿತಿಯನ್ನು ಏರ್ಪಡಿಸಿದರು. ಚಾರ್ಜರು ಇಲ್ಲದೆ, ಅಲುಗಾಡದೆ, ಪರದೆ ಆರಿ, ಫೋನು ಕೆಲವು ಹೊತ್ತು ಬಿದ್ದಿದ್ದರೆ ಈ ನಿದ್ರೆ ಬರುವುದು. ನಮ್ಮ ಗೂಡಿನಲ್ಲಿ ಈ ಮೂರೂ ಕೂಡಿಬಂದಿದ್ದವು. ಆಗ ಆ್ಯಪುಗಳಿಗೆ ನೆಟ್‌ವರ್ಕಿನ ಬಾಗಿಲು ಮುಚ್ಚುವುದು. ನಡುನಡುವೆ ಅದು ಸ್ವಲ್ಪ ಕಾಲ ತೆರೆಯುವುದುಂಟು. ಆದರೆ ನಿದ್ರೆ ಬೆಳೆದ ಹಾಗೆ ಆ ಬಿಡುವುಗಳು ದೂರದೂರವಾಗುವುವು. ವಸತಿಗೃಹದಲ್ಲಿ ಕಾಗದಗಳನ್ನು ಗೊತ್ತಾದ ಹೊತ್ತಿಗೆ ಮಾತ್ರ ಹಂಚಿ, ತಂತಿ ಬಂದರೆ ಮಾತ್ರ ಮಕ್ಕಳನ್ನು ಎಬ್ಬಿಸುತ್ತಿದ್ದ ಹಳೆಯ ಪದ್ಧತಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುವುದು. ದೂರವಾಣಿಯ ಕರೆಯಾದರೋ ಬೇರೆ. ಟವರಿನ ಕೂಗನ್ನು ಕೇಳುವ ಭಾಗವು ಕ್ಷಣಕ್ಷಣಕ್ಕೂ ಕಿವಿಗೊಡುತ್ತಿರುವುದು. ಹಸುಗೂಸಿನ ತಾಯಿಯು ಗುಡುಗಿಗೆ ಏಳದಿದ್ದರೂ ಕೂಸಿನ ಅಳುವಿಗೆ ಏಳುವಂತೆ, ಫೋನು ಕರೆಗೆ ಏಳುವುದು.

ನಾವು ಮಾಡಿಕೊಂಡ ಪರಿಹಾರಗಳು ಇವು. ಸೆಟ್ಟಿಂಗ್ಸಿನಲ್ಲಿ ಬ್ಯಾಟರಿಯ ವಿಭಾಗಕ್ಕೆ ಹೋಗಿ, ಆ ಒಂದು ಆ್ಯಪಿಗೆ ಮಾತ್ರ ಮಿತವ್ಯಯದ ಕಟ್ಟನ್ನು ಸಡಿಲಿಸಿದೆವು. ಹೀಗೆ ಮಾಡಿದರೆ ಡೋಜಿನಲ್ಲಿಯೂ ಅದಕ್ಕೆ ನೆಟ್‌ವರ್ಕು ದೊರೆಯುವುದು. ಎಲ್ಲ ಆ್ಯಪುಗಳಿಗೂ ಹೀಗೆ ಬಿಟ್ಟರೆ ನಿದ್ರೆಯ ಉದ್ದೇಶವೇ ಕೆಡುವುದು. ಕೆಲವು ತಯಾರಕರು ತಮ್ಮದೇ ಬೇರೆ ಕಟ್ಟುಗಳನ್ನೂ ಸೇರಿಸಿರುವುದರಿಂದ ಅವುಗಳನ್ನೂ ಹುಡುಕಿ ನೋಡತಕ್ಕದ್ದು. ಎರಡನೆಯದಾಗಿ, ಸಂದೇಶವನ್ನು ಸಾಧಾರಣ ದರ್ಜೆಯಿಂದ ತುರ್ತು ದರ್ಜೆಗೆ ಏರಿಸಿದೆವು; ತಂತಿಯಂತೆ ಅದು ಫೋನನ್ನು ಎಬ್ಬಿಸುವುದು. ಮೂರನೆಯದಾಗಿ, ಫೋನನ್ನು ಸೆಕೆ ತಾಗದ ಕೋಣೆಗೆ ತಂದು ಇನ್ವರ್ಟರಿನ ಚಾರ್ಜರಿಗೆ ಹಚ್ಚಿದೆವು. ಚಾರ್ಜಿನಲ್ಲಿರುವ ಫೋನಿಗೆ ಡೋಜ್ ಬರುವುದಿಲ್ಲ. ನಾಲ್ಕನೆಯದೇ ಮುಖ್ಯವಾದುದು. ಐದು ನಿಮಿಷದೊಳಗೆ ಮರುತ್ತರ ಬಾರದಿದ್ದರೆ ವಾರ್ಡನ್ನರು ಕಾವಲುಗಾರನಿಗೆ ಕರೆಮಾಡಬೇಕು. ಆತನು ಕೈಯಿಂದ ಮೋಟಾರು ಹಾಕುವನು. ಅಪ್ಪಣೆ ಹೋಯಿತೆಂಬುದು ಕೆಲಸ ಆಯಿತೆಂಬುದಲ್ಲ.

ಆ ವಾರದ ಬೆಳಗಿನ ಸಭೆಯಲ್ಲಿ, ಗದರಿಸಿದಾಗ ಎಷ್ಟು ಜನರಿದ್ದರೋ ಅದಕ್ಕಿಂತ ಹೆಚ್ಚು ಜನರೆದುರಿನಲ್ಲಿ, ನಾವು ಕಾವಲುಗಾರನ ಕ್ಷಮೆ ಕೇಳಿದೆವು. ಆತನು ತಲೆತಗ್ಗಿಸಿ, ‘ಇರಲಿ ಬಿಡ್ರಿ, ಅಕ್ಕೋರ’ ಎಂದನು. ಅಷ್ಟು ಸುಲಭವಾಗಿ ಅದನ್ನು ಬಿಡಲು ನಮಗೆ ಇಂದಿಗೂ ಆಗಿಲ್ಲ. ಇಷ್ಟು ವರುಷಗಳ ಕಾಲ ಕಲಿಸಿದ ನಾವು, ಉತ್ತರ ಕೊಡದ ಎಷ್ಟು ಹುಡುಗಿಯರನ್ನು ಹಟಮಾರಿಗಳೆಂದು ನಿಲ್ಲಿಸಿದ್ದೇವೋ! ರಾತ್ರಿಯೆಲ್ಲ ಹತ್ತಿ ಬಿಡಿಸಿ ಬಂದವರು, ತಮ್ಮಂದಿರನ್ನು ಎತ್ತಿಕೊಂಡು ಎಚ್ಚರವಿದ್ದವರು ಅವರಲ್ಲಿ ಎಷ್ಟು ಮಂದಿ ಇದ್ದರೋ, ನಾವು ಕೇಳಲಿಲ್ಲ. ಅಂಥವರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಆ ಸಭೆಯಲ್ಲಿ ಆಡಿದ ಮಾತನ್ನು ತಮಗೂ ಆಡಿದುದೆಂದೇ ತಿಳಿಯಬೇಕಾಗಿ ನಮ್ಮ ವಿಜ್ಞಾಪನೆ.