ಎರಡೂ ಪೈಪು ಕಪ್ಪೇ, ಆದರೆ...

ಕಳೆದ ಬೇಸಿಗೆಯಲ್ಲಿ ನಮ್ಮ ಟೊಮೆಟೊ ಹೊಲದ ಡ್ರಿಪ್ ಪೈಪುಗಳು ಒಂದೊಂದಾಗಿ ಸೀಳಿದವು. ಕಡಿಮೆ ರೇಟಿಗೆ ಸಿಕ್ಕಿತು ಅಂತ ಬಿಲ್ ಇಲ್ಲದೆ ತಂದಿದ್ದ ಪೈಪು. ಎರಡೇ ವರ್ಷಕ್ಕೆ, ಬಗ್ಗಿಸಿದರೆ ಒಣಕಡ್ಡಿ ಹಾಗೆ ಲಟಕ್ ಅಂತ ಮುರಿಯುತ್ತಿತ್ತು. ಹೂ ಬಿಟ್ಟಿದ್ದ ಗಿಡಗಳು ನೀರಿಲ್ಲದೆ ಬಾಡಿ, ಅರ್ಧ ಎಕರೆ ಕೈಬಿಟ್ಟಿತು. ಪಕ್ಕದ ಹೊಲದ ಪೈಪು ಮಾತ್ರ ಎಂಟು ವರ್ಷದಿಂದ ಬಿಸಿಲಲ್ಲೇ ಬಿದ್ದಿದೆ, ಏನೂ ಆಗಿಲ್ಲ.

"ಎರಡೂ ಕಪ್ಪೇ ಅಲ್ವೇನ್ರೋ?" ಅಂದರು ಅಪ್ಪ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹುಡುಕಿ ಓದಿದೆವು.

ಪ್ಲಾಸ್ಟಿಕ್ ಅಂದರೆ ಉದ್ದುದ್ದ ಅಣುಗಳ ಸರಪಳಿ. ಬಿಸಿಲಿನ ಅತಿನೇರಳೆ ಕಿರಣ ಆ ಸರಪಳಿಯನ್ನು ಕಡಿಯುತ್ತದೆ. ಅದನ್ನು ತಡೆಯಲು ಕಾರ್ಬನ್ ಬ್ಲ್ಯಾಕ್, ಅಂದರೆ ಕಾಡಿಗೆಯಂಥ ನುಣ್ಣನೆಯ ಮಸಿ ಬೆರೆಸುತ್ತಾರೆ. ಮಸಿ ಕಿರಣವನ್ನು ನುಂಗಿ ಶಾಖವಾಗಿ ಬದಲಿಸುತ್ತದೆ. ನೂರು ಕೆಜಿಗೆ 2ರಿಂದ 3 ಕೆಜಿ ಸಾಕು. ಆದರೆ ಸಮನಾಗಿ ಹರಡಿರಬೇಕು. ಮುದ್ದೆಯಲ್ಲಿ ಹಿಟ್ಟು ಗಂಟಾದ ಹಾಗೆ ಮಸಿ ಗಂಟು ಕಟ್ಟಿದರೆ, ಉಳಿದ ಕಡೆ ಬಿಸಿಲು ಒಳಗೆ ನುಗ್ಗುತ್ತದೆ.

ಓದುತ್ತಾ ಹೋದಂತೆ ಇದೇ ಕಾರ್ಬನ್ನಿನ ಇನ್ನೊಂದು ರೂಪ ಸಿಕ್ಕಿತು: ನ್ಯಾನೊಟ್ಯೂಬ್. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇದರ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ಇದರ ಮೇಲೆ ಬಿತ್ತು. ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಟೊಳ್ಳು ಕೊಳವೆ. ಗಾಜಿನಂಥ ಪ್ಲಾಸ್ಟಿಕ್ಕಿಗೆ ಇದನ್ನು ಶೇ. 1ರಷ್ಟು ಬೆರೆಸಿದರೂ ಸಾಕು, ಕಪ್ಪಾಗುತ್ತದೆ. ಚೂರೇ ಚೂರು ಬೆರೆಸಿ ತೆಳು ಹಾಳೆ ಮಾಡಿದರೆ ಇನ್ನೊಂದು ಸೋಜಿಗ. ಕೆಲವು ಬಣ್ಣದ ಮಂದ ಬೆಳಕನ್ನು ಅದು ನುಂಗುತ್ತದೆ. ಅದೇ ಬೆಳಕು ಬಲವಾಗಿ ಬಂದರೆ ಹೊಟ್ಟೆ ತುಂಬಿದವರ ಹಾಗೆ ದಾಟಲು ಬಿಡುತ್ತದೆ. ಈ ಗುಣ ಬಳಸಿ ಲೇಸರ್ ಬೆಳಕನ್ನು ಅತಿ ಕಿರಿದಾದ ಮಿಡಿತಗಳನ್ನಾಗಿ ಮಾಡುತ್ತಾರೆ.

ಅಲ್ಲೂ ಕಾಟ ಗಂಟಿನದೇ! ಕೊಳವೆಗಳು ಒಂದಕ್ಕೊಂದು ಅಂಟಿಕೊಂಡರೆ ಬೆಳಕು ಚೆದುರಿ ಹಾಳೆ ಕೆಡುತ್ತದೆ. ಅದಕ್ಕೇ ಸೋಪಿನಂಥ ದ್ರಾವಣದಲ್ಲಿ ಹಾಕಿ, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಅಲುಗಿಸಿ ಬಿಡಿಸುತ್ತಾರೆ.

ನಮ್ಮ ಪೈಪಿನಲ್ಲಿ ಮಸಿ ಕಡಿಮೆ ಇತ್ತೋ, ಗಂಟಾಗಿತ್ತೋ, ಪ್ಲಾಸ್ಟಿಕ್ಕೇ ಹಳೆಯದೋ, ಲ್ಯಾಬಿಗೆ ಕಳಿಸದೆ ಹೇಳಲಾಗದು. ಕಣ್ಣಿಗಂತೂ ಎಲ್ಲವೂ ಕಪ್ಪೇ. ಡ್ರಿಪ್ ಲ್ಯಾಟರಲ್ ಪೈಪಿಗೆ ಐಎಸ್ 12786 ಅನ್ನುವ ಮಾನಕ ಇದೆ. ಮಸಿ ಎಷ್ಟಿರಬೇಕು, ಹೇಗೆ ಹರಡಿರಬೇಕು ಅಂತ ಅದರಲ್ಲಿ ಹೇಳಿದೆ. ಈ ಸಲ ಅಪ್ಪ ಕನ್ನಡಕ ಹಾಕಿಕೊಂಡು ಪೈಪಿನ ಮೇಲೆ ಆ ನಂಬರು ಹುಡುಕಿದರು. ಆಮೇಲೆ ಬಿಲ್ ಕೇಳಿ ಪಡೆದರು.