ಬಾಬು ಭಟ್ಟನ ಕಾಗದ

ನಮ್ಮ ಮಗ ಲಾ ಓದಲಿಕ್ಕೆ ಹತ್ತಿದಾಗಿಂದ ನಮ್ಮನ್ಯಾಗ ಯಾರೂ ನಿಶ್ಚಿಂತಿಯಿಂದ ಟಿ.ವಿ. ನೋಡೂ ಹಂಗಿಲ್ಲ. ಹ್ವಾದ ಆಯ್ತವಾರ ಅಂವ 'ಸೈನ್‌ಫೆಲ್ಡ್' ಹಚ್ಚಿದ್ದ. ಅದು ಅಮೇರಿಕಾದ ನಗಿ ಧಾರಾವಾಹಿ, ನ್ಯೂಯಾರ್ಕಿನ ನಾಲ್ಕು ಮಂದಿ ಗೆಳ್ಯಾರ ಕಥಿ. 1989ರಾಗ ಶುರುವಾಗಿ 1998ಕ್ಕ ಮುಗದದ್ದು. ಎಲ್ಲಾರೂ ನೋಡಿ ನಗತಾರ, ನಮ್ಮಂವ ಮಾತ್ರ ವಹಿ ಹಿಡ್ಕೊಂಡು ಒಬ್ಬೊಬ್ಬರ ಮ್ಯಾಲೆ ಕೇಸ್ ಬರಕೋತ ಕೂತಿದ್ದ.

"ನೋಡವ್ವಾ, ಜೆರ್ರಿ ಮುದುಕಿಗೆ 50 ಡಾಲರ್ ಕೊಡ್ತೀನಂದ, ಅಕಿ ಒಲ್ಲೆ ಅಂದ್ಲು, ಕೈಯಾಗಿನ ಬ್ರೆಡ್ ಕಸಗೊಂಡು ಓಡಿದ. ಸುಲಿಗಿ! ಬಾಟ್ಲಿಗೆ ನ್ಯೂಯಾರ್ಕಿನ್ಯಾಗ 5 ಸೆಂಟು, ಮಿಷಿಗನ್‌ನ್ಯಾಗ 10 ಅಂತ ಕ್ರೇಮರ್, ನ್ಯೂಮನ್ ಇಬ್ಬರೂ ಟಪಾಲ ಗಾಡಿ ತುಂಬ ಖಾಲಿ ಬಾಟ್ಲಿ ಹೇರ್ಕೊಂಡು ಹೊಂಟ್ರು. ಸರಕಾರಿ ಗಾಡಿ! ಆ ನ್ಯೂಮನ್ ಪೋಸ್ಟ್‌ಮನ್ ಬ್ಯಾರೆ, ಹಂಚೂ ಪತ್ರ ಚೀಲಗಟ್ಟಲೆ ಬಚ್ಚಿಟ್ಟಾನ."

ನಾನೂ ನಗಕೋತ ಬಳ್ಳೊಳ್ಳಿ ಸುಲೀತಿದ್ದೆ. ಆಮ್ಯಾಲೆ ಬಾಬು ಭಟ್ ಬಂದ.

ಬಾಬು ಪಾಕಿಸ್ತಾನದಂವ, ಸಣ್ಣ ಹೋಟೆಲ್ ಇಟ್ಟಿದ್ದ. ಜೆರ್ರಿ ಮಾತು ಕೇಳಿ ಬರೇ ತಮ್ಮ ದೇಶದ ಅಡಿಗಿ ಮಾಡಿ ಹೋಟೆಲ್ ಮುಳುಗಿಸ್ಕೊಂಡ. ಮುಂದ ಜೆರ್ರಿನ ಅಂವಗ ತನ್ನ ಬಿಲ್ಡಿಂಗಿನ್ಯಾಗ ಮನಿ ಕೊಡಿಸಿದ. ಬಾಬುನ ವೀಸಾದ ಕಾಗದ ತಪ್ಪಿ ಜೆರ್ರಿ ಟಪಾಲಿನ್ಯಾಗ ಸೇರಿತು. ಜೆರ್ರಿ ಊರಾಗ ಇರಲಿಲ್ಲ. ಟಪಾಲು ತಗದಿಟ್ಟ ಇಲೇನ್ ಕೊಡೂದು ಮರತ್ಲು. ಬಾಬುನ್ನ ಹಿಡದು ದೇಶಾ ಬಿಡಿಸಿದ್ರು.

"ಇದಕ್ಕೇನು ಕೇಸ್ ಹಾಕ್ತೀಯೋ?" ಅಂದೆ.

"ಏನೂ ಇಲ್ಲವ್ವಾ. ಬೇಕಂತ ಮಾಡಿಲ್ಲಲಾ, ಮರತದ್ದು."

ನನ್ನ ಕೈ ನಿಂತು ಹೋತು.

ಅಂವ ಇನ್ನೂ ಹುಟ್ಟಿರಲಿಲ್ಲ. ಬಾಜೂಮನಿ ಹುಡುಗನ ಇಂಟರ್‌ವ್ಯೂ ಕಾಗದ ನಮ್ಮ ಬಾಗಲ ಸಂದಿಯಿಂದ ಒಳಗ ಬಿದ್ದಿತ್ತು. ಒಲಿ ಮ್ಯಾಲೆ ಒಗ್ಗರಣಿ ಇತ್ತು, ಸಂಜಿಕೆ ಕೊಟ್ರಾತು ಅಂತ ಹಿಟ್ಟಿನ ಡಬ್ಬಿ ಮ್ಯಾಲೆ ಇಟ್ಟೆ. ದೀಪಾವಳಿಗೆ ಮನಿ ಝಾಡಿಸೂ ಮುಂದ ಡಬ್ಬಿ ಹಿಂದ ಸಿಕ್ತು. ತಾರೀಖು ಮುಗದು ಹನ್ನೆರಡು ದಿನಾ ಆಗಿತ್ತು. ಅದನ್ನ ನೀರೊಲಿಗೆ ಹಾಕಿದೆ.

ಮುಂದ ಆ ಹುಡುಗನ ತಾಯಿ ನಮ್ಮ ಕಟ್ಟಿ ಮುಂದನ ಟಪಾಲಿನಂವಗ ಬಾಯಿಗೆ ಬಂದಂಗ ಬೈದ್ಲು. "ನಾ ಹಾಕೀನ್ರಿ ಬಾಯಾರ, ದೇವರಾಣಿ" ಅಂತ ಅಂವ ಕೈ ಮುಗದ. ನಾ ಅಲ್ಲೇ ಅಕ್ಕಿ ಆರಸ್ಕೋತ ಕೂತಿದ್ದೆ. ತಲಿ ಎತ್ತಲಿಲ್ಲ.

ಆ ಧಾರಾವಾಹಿ ಮುಗಿಯೂದು ಹೆಂಗ ಗೊತ್ತದ ಏನು? ಒಬ್ಬನ್ನ ಪಿಸ್ತೂಲು ತೋರಿಸಿ ಕಾರು ಕಸಗೋತಿರತಾರ, ಈ ನಾಲ್ಕೂ ಮಂದಿ ನಿಂತು ನಗತಾರ, ಶೂಟಿಂಗ್ ಮಾಡತಾರ. ಅಷ್ಟಕ್ಕ ಹಿಡದು ಕೋರ್ಟಿಗೆ ಒಯ್ದು ಒಂದು ವರ್ಷ ಜೈಲು ಹಾಕ್ತಾರ. ಬ್ರೆಡ್ ಕಸಗೊಂಡದ್ದಕ್ಕಲ್ಲ, ಬಾಟ್ಲಿಗಲ್ಲ. ಸುಮ್ಮ ನಿಂತು ನೋಡಿದ್ದಕ್ಕ. ಸಾಕ್ಷಿ ಹೇಳಲಿಕ್ಕೆ ಆ ಮುದುಕಿನೂ ಬರತಾಳ, ಬಾಬುನೂ ಬರತಾನ.

ಅವತ್ತು ರಾತ್ರಿ ಊಟಕ್ಕ ಕೂತಾಗ ಮಗಗ ಎಲ್ಲಾ ಹೇಳಿದೆ. "ಮರತದ್ದಕ್ಕ ಇಲ್ಲಂದಿ. ಸುಟ್ಟದ್ದಕ್ಕ? ಸುಮ್ಮ ಕೂತದ್ದಕ್ಕ?" ಅಂವ ವಹಿ ತಗೀಲಿಲ್ಲ. ಭಾಳೊತ್ತು ಸುಮ್ಮ ಕೂತು, "ಅವರ ಫೋನ್ ನಂಬರ್ ಅದ ಏನವ್ವಾ?" ಅಂದ.

ಅದ. ಆ ಹುಡುಗ ಈಗ ಅಂಗಡಿ ಇಟ್ಟು ಛೊಲೋ ಇದ್ದಾನ, ದೀಪಾವಳಿಗೆ ಫರಾಳ ಕಳಸ್ತಾನ. ಟಪಾಲಿನಂವ ತೀರಿಕೊಂಡು ವರ್ಷ ಆತು. ಅಂವಗ ಹೇಳೂದು ಮಾತ್ರ ಇನ್ನ ಆಗೂದಿಲ್ಲ.